ಒಂದಗುಳಿನ ಲೆಕ್ಕ

ಕಳೆದ ತಿಂಗಳು 'ಮನೆ ಬಾಡಿಗೆಗಿದೆ' ಎಂಬ ಬೋರ್ಡಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ 17 ಪತ್ರಗಳನ್ನು ಸಂಪಾದಕರು ಒಂದೇ ಲಕೋಟೆಗೆ ತುರುಕಿ ಕಳಿಸಿದ್ದಾರೆ. ಎರಡರಲ್ಲಿ ಹೊಗಳಿಕೆ ಇದೆ, ಮಡಚಿ ಒಳಗಿಟ್ಟೆ. ಮಿಕ್ಕವುಗಳಲ್ಲಿ ಸಿಟ್ಟಿದೆ, ಆದರೆ ಬೈಗುಳವಿಲ್ಲ, ವಾದವಿದೆ. ವಾದಕ್ಕೆ ಉತ್ತರ ಕೊಡದೆ ಕೂತರೆ ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಮನೋವಿಜ್ಞಾನ ಪಾಠ ಮಾಡಿದ್ದು ದಂಡ.

ನಾನು ಬರೆದದ್ದು ಇಷ್ಟು. ಫೋನಿನಲ್ಲಿ ಬಾಡಿಗೆ, ಅಡ್ವಾನ್ಸು, ನೀರು, ಸ್ಕೂಟರ್ ನಿಲ್ಲಿಸುವ ಜಾಗ ಎಲ್ಲ ಮಾತಾಡಿ ಮುಗಿದ ಮೇಲೆ ಮೆಲ್ಲಗೆ ಒಂದು ಪ್ರಶ್ನೆ ಬರುತ್ತದೆ: "ತಾವು ಯಾವ ಪೈಕಿ?" ಉತ್ತರ ಕೇಳಿಸಿಕೊಂಡು ಎರಡು ಸೆಕೆಂಡ್ ಮೌನ. ಆಮೇಲೆ, "ನಮ್ಮನೆಯವರನ್ನ ಒಂದು ಮಾತು ಕೇಳಿ ಹೇಳ್ತೀನಿ." ಹಾಗೆ ಹೇಳಿದವರು ಮತ್ತೆ ಫೋನ್ ಮಾಡುವುದಿಲ್ಲ. ಆ ಎರಡು ಸೆಕೆಂಡಿನಲ್ಲಿ ನಡೆಯುವುದಕ್ಕೆ ದ್ವೇಷ ಬೇಕಿಲ್ಲ, ಒಳ್ಳೆಯ ಮನುಷ್ಯನ ತಲೆಯ ನಿತ್ಯದ ಕೆಲಸವೇ ಸಾಕು ಎಂದಿದ್ದೆ. ಹದಿನೈದರಲ್ಲಿ ಒಂಬತ್ತು ಪತ್ರಗಳು ಶುರುವಾಗುವುದೇ "ನಮ್ಮನ್ನು ದ್ವೇಷಿಗಳೆಂದು ಕರೆದಿದ್ದೀರಿ" ಎಂದು. ಕರೆದಿಲ್ಲ ಸ್ವಾಮಿ. ಇನ್ನೊಮ್ಮೆ ಓದಿ.

ಎಲ್ಲಕ್ಕಿಂತ ಉದ್ದದ ಪತ್ರ ಮೈಸೂರಿನದು. ಬರೆದವರು ನಿವೃತ್ತ ಎಂಜಿನಿಯರ್, ಮಹಡಿ ಮನೆ ಬಾಡಿಗೆಗೆ ಕೊಡುವವರು. "ನಾನು ಪುಸ್ತಕ ಓದಿ ಮಾತಾಡುತ್ತಿಲ್ಲ ಮೇಷ್ಟ್ರೇ, ಕಣ್ಣಾರೆ ಕಂಡದ್ದು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಸಾಕು." ಆಮೇಲೆ ಎಂಜಿನಿಯರ್‌ಗೆ ತಕ್ಕ ಹಾಗೆ ಲೆಕ್ಕ ಕೊಟ್ಟಿದ್ದಾರೆ: 22 ವರ್ಷದಲ್ಲಿ ಒಂಬತ್ತು ಸಂಸಾರ. ಏಳು 'ನಮ್ಮವರು', ಎರಡು 'ಆ ಪೈಕಿ'. ಆ ಎರಡರಲ್ಲಿ ಒಬ್ಬ ಮೂರು ತಿಂಗಳ ಬಾಡಿಗೆ ಮುಳುಗಿಸಿ ರಾತ್ರೋರಾತ್ರಿ ಸಾಮಾನು ಸಾಗಿಸಿದ.

ಗಾದೆಯಿಂದಲೇ ಶುರು ಮಾಡೋಣ. ಒಂದಗುಳು ಹಿಚುಕಿ ನೋಡಿದರೆ ಸಾಕು, ನಿಜ. ಯಾಕೆ ಸಾಕೆಂದರೆ ಆ ಪಾತ್ರೆಯ ಅಕ್ಕಿಯೆಲ್ಲ ಒಂದೇ ಸೇರಿನದು, ಒಂದೇ ನೀರು, ಒಂದೇ ಉರಿ. ಬೇರೆ ಬೇರೆ ಊರು, ಬೇರೆ ಬೇರೆ ಸಂಬಳ, ಬೇರೆ ಬೇರೆ ಸಾಲ ಹೊತ್ತುಕೊಂಡ ಸಾವಿರಾರು ಸಂಸಾರಗಳನ್ನು ಒಂದು ಪಾತ್ರೆಯಲ್ಲಿ ಬೇಯಿಸಿದವರು ಯಾರು? ಅವು ಒಂದೇ ಪಾತ್ರೆಯವು ಎಂದು ತೀರ್ಮಾನಿಸಿದ ಮೇಲಲ್ಲವೇ ಒಂದಗುಳಿಗೆ ಬೆಲೆ ಬರುವುದು? ತೀರ್ಮಾನ ಮೊದಲೇ ಆಗಿತ್ತು, ಅಗುಳು ಆಮೇಲೆ ಸಿಕ್ಕಿತು.

ಇರಲಿ, ಕಂಡದ್ದನ್ನು ಕಂಡ ಹಾಗೇ ಎಣಿಸುವ ಶಕ್ತಿಯಾದರೂ ನಮಗಿದೆಯೇ? 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಬಹಳ ಸಾದಾ ಪರೀಕ್ಷೆಯೊಂದನ್ನು ಮಾಡಿದರು. 'ಎ' ಪಂಗಡ, 'ಬಿ' ಪಂಗಡ ಎಂದು ಎರಡು. ಹೆಸರು ಬಿಟ್ಟರೆ ಬೇರೇನೂ ಇಲ್ಲ, ಜಾತಿಯಿಲ್ಲ, ಬಣ್ಣವಿಲ್ಲ. ಓದುಗರ ಮುಂದೆ 39 ವಾಕ್ಯ: 'ಎ' ಪಂಗಡದ ಒಬ್ಬ ಆಸ್ಪತ್ರೆಗೆ ಹೋಗಿ ಗೆಳೆಯನನ್ನು ನೋಡಿಬಂದ, 'ಬಿ' ಪಂಗಡದ ಒಬ್ಬ ಹೀಗೆ ಮಾಡಿದ, ಇಂಥವು. 'ಎ' ಬಗ್ಗೆ 26 ವಾಕ್ಯ, ಅದರಲ್ಲಿ 18 ಒಳ್ಳೆಯವು, 8 ಕೆಟ್ಟವು. 'ಬಿ' ಬಗ್ಗೆ 13, ಅದರಲ್ಲಿ 9 ಒಳ್ಳೆಯವು, 4 ಕೆಟ್ಟವು. ಭಾಗಿಸಿ ನೋಡಿ, ಎರಡೂ ಪಂಗಡದಲ್ಲಿ ಒಂಬತ್ತಕ್ಕೆ ನಾಲ್ಕು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಓದಿದವರನ್ನು ಕೇಳಿದರೆ 'ಬಿ' ಪಂಗಡ ಅಷ್ಟು ಸರಿಯಿಲ್ಲ ಎಂದರು. 'ಬಿ' ಮಾಡಿದ ಕೆಟ್ಟ ಕೆಲಸಗಳನ್ನು ಇದ್ದದ್ದಕ್ಕಿಂತ ಹೆಚ್ಚು ಎಣಿಸಿದರು. ಕಾರಣವನ್ನು ಸಂಶೋಧಕರು ಹೀಗೆ ಊಹಿಸಿದರು: ಅಪರೂಪದ್ದು ಕಣ್ಣಿಗೆ ಹೊಡೆಯುತ್ತದೆ. 'ಬಿ' ಜನ ಅಪರೂಪ, ಕೆಟ್ಟ ಕೆಲಸವೂ ಅಪರೂಪ. ಎರಡೂ ಒಟ್ಟಿಗೆ ಬಂದಾಗ ಅದು ತಲೆಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ. ಎಂಜಿನಿಯರ್ ಸಾಹೇಬರ ಮಹಡಿಯಲ್ಲಿ 'ಆ ಪೈಕಿ' ಅಪರೂಪ, ಬಾಡಿಗೆ ಮುಳುಗಿಸುವುದೂ ಅಪರೂಪ.

ಆದರೆ ಆ ಪತ್ರದ ನಿಜವಾದ ರುಚಿ ಎರಡನೇ ಪುಟದಲ್ಲಿದೆ. ಅವರು ಪ್ರಾಮಾಣಿಕರು, ಏನನ್ನೂ ಬಚ್ಚಿಟ್ಟಿಲ್ಲ. ಏಳು 'ನಮ್ಮವರಲ್ಲಿ' ಒಬ್ಬರು ನಾಲ್ಕು ತಿಂಗಳ ಬಾಕಿ ಉಳಿಸಿ ಹೋದರಂತೆ. ಅದರ ಬಗ್ಗೆ ಬರೆದಿರುವುದು: "ಪಾಪ, ಅವರ ಕಾರ್ಖಾನೆ ಮುಚ್ಚಿತ್ತು." ಮೂರು ತಿಂಗಳು ಬಾಕಿಯಿಟ್ಟ ಇನ್ನೊಬ್ಬನ ಬಗ್ಗೆ: "ಹುಟ್ಟುಗುಣ ಸುಟ್ಟರೂ ಹೋಗದು." ಅವನ ಕೆಲಸ ಏನಾಗಿತ್ತು? ಪತ್ರದಲ್ಲಿಲ್ಲ. ಕೇಳಿರಲಿಕ್ಕಿಲ್ಲ. ನಮ್ಮವನು ತಪ್ಪಿದರೆ ಕಾಲ ಕೆಟ್ಟಿತ್ತು, ಅವನು ತಪ್ಪಿದರೆ ರಕ್ತವೇ ಹಾಗೆ. ಇದು ನಾನು ಕಂಡುಹಿಡಿದದ್ದಲ್ಲ. ಟೇಲರ್ ಮತ್ತು ಜಗ್ಗಿ 1974ರಲ್ಲಿ ಇದನ್ನು ಪ್ರಕಟಿಸಿದ್ದು ದಕ್ಷಿಣ ಭಾರತದ ಹಿಂದೂ ಗುಮಾಸ್ತರನ್ನೇ ಕೇಳಿ. ಅಂಗಡಿಯವ ಮೋಸ ಮಾಡಿದ ಅಥವಾ ಉದಾರವಾಗಿ ಕೊಟ್ಟ. ಮಳೆಯಲ್ಲಿ ನಿಂತಾಗ ಮನೆಯಾತ ಒಳಗೆ ಕರೆದ ಅಥವಾ ಕರೆಯಲಿಲ್ಲ. ಮಾಡಿದವನು ಹಿಂದೂ ಆಗಿದ್ದರೆ ಯಾಕಿರಬಹುದು, ಮುಸ್ಲಿಮನಾಗಿದ್ದರೆ ಯಾಕಿರಬಹುದು? ಹಿಂದೂ ಒಳ್ಳೆಯದು ಮಾಡಿದರೆ ಅದು ಅವನ ಗುಣ, ಕೆಟ್ಟದ್ದು ಮಾಡಿದರೆ ಸಂದರ್ಭ. ಮುಸ್ಲಿಮನಿಗೆ ಬಂದರೆ ಆ ಔದಾರ್ಯ ಮಾಯ.

ಇನ್ನೂ ಇದೆ. 'ಆ ಪೈಕಿ'ಯ ಇನ್ನೊಂದು ಸಂಸಾರ ನಾಲ್ಕು ವರ್ಷ ಇತ್ತಂತೆ. ಐದನೇ ತಾರೀಕು ದಾಟದೆ ಬಾಡಿಗೆ ಕೊಟ್ಟು, ಬಿಡುವಾಗ ತಮ್ಮ ಖರ್ಚಿನಲ್ಲೇ ಸುಣ್ಣ ಹೊಡೆಸಿ ಹೋದರಂತೆ. ಅವರಿಗೆ ಸಿಕ್ಕಿರುವುದು ಅರ್ಧ ಸಾಲು: "ಅವರು ಬಿಡಿ, ಆ ಪೈಕಿಯವರ ಹಾಗೆ ಇರಲೇ ಇಲ್ಲ." ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಮೇಲೆ ಬರೆದ ದೊಡ್ಡ ಪುಸ್ತಕದಲ್ಲಿ ಈ ಕೆಲಸಕ್ಕೊಂದು ಹೆಸರು ಕೊಟ್ಟಿದ್ದಾರೆ. ಅದನ್ನು ಕನ್ನಡದಲ್ಲಿ 'ಬೇಲಿ ತಿರುಗಿ ಕಟ್ಟುವುದು' ಎನ್ನಬಹುದು. ಲೆಕ್ಕಕ್ಕೆ ಹೊಂದದ ಒಬ್ಬ ಬಂದರೆ ಬೇಲಿಯಲ್ಲಿ ಒಂದು ಕಂಡಿ ಬಿಡಿಸಿ ಅವನೊಬ್ಬನನ್ನು ಆಚೆ ಬಿಟ್ಟು, ಮುಳ್ಳು ಮತ್ತೆ ಮುಚ್ಚುವುದು. ಮುಳುಗಿಸಿದವನು ಅಗುಳು, ಸುಣ್ಣ ಹೊಡೆಸಿದವನು ಅಗುಳಲ್ಲ. ಹೀಗಾದರೆ ಯಾವ ಅನುಭವ ತಾನೇ ಈ ಲೆಕ್ಕವನ್ನು ಸುಳ್ಳು ಮಾಡೀತು?

ಎರಡನೇ ವಾದ ಪ್ರಕೃತಿಯದು. "ಹಕ್ಕಿಯೂ ಹಿಂಡು ನೋಡಿ ಸೇರುತ್ತದೆ. ತಮ್ಮವರ ಜೊತೆ ಇರಬೇಕೆನ್ನುವುದು ಸಹಜ. ನಿಮ್ಮ ವಿಜ್ಞಾನವೇ ಅದನ್ನು ಹೇಳುತ್ತದೆ" ಎಂದು ಮೂವರು ಬರೆದಿದ್ದಾರೆ. ಒಬ್ಬರಂತೂ ಹೆನ್ರಿ ತಾಜ್ಫೆಲ್ ಹೆಸರನ್ನೇ ಎತ್ತಿದ್ದಾರೆ. ಒಳ್ಳೆಯದಾಯಿತು.

ತಾಜ್ಫೆಲ್ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದ ಸಮವಸ್ತ್ರದಲ್ಲಿ ಜರ್ಮನರಿಗೆ ಸೆರೆ ಸಿಕ್ಕರು. ಅವರು ಯಹೂದಿಯೆಂದು ತಿಳಿದಿದ್ದರೂ ಫ್ರಾನ್ಸಿನವರೆಂದೇ ಎಣಿಸಿದ್ದರಿಂದ ಯುದ್ಧಕೈದಿಗಳ ಶಿಬಿರದಲ್ಲಿ ಜೀವ ಉಳಿಯಿತು. ಪೋಲೆಂಡಿನಲ್ಲಿದ್ದ ಬಂಧುಗಳಲ್ಲಿ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ. ಮನುಷ್ಯ ಅವನೇ, ಯಾವ ಪಟ್ಟಿಗೆ ಬರೆದುಕೊಂಡರು ಎಂಬುದರ ಮೇಲೆ ಬದುಕು, ಸಾವು. ಆಮೇಲೆ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ, 1970ರ ಸುಮಾರಿಗೆ, 14-15 ವಯಸ್ಸಿನ ಶಾಲಾ ಹುಡುಗರಿಗೆ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರ ತೋರಿಸಿ, ನಿನ್ನದು ಕ್ಲೀ ಗುಂಪು, ನಿನ್ನದು ಕ್ಯಾಂಡಿನ್‌ಸ್ಕಿ ಗುಂಪು ಎಂದು ಹಂಚಿದರು. ಹಂಚಿದ್ದು ಹುಡುಗರ ರುಚಿ ನೋಡಿಯಲ್ಲ, ಚೀಟಿ ಎತ್ತಿದ ಹಾಗೆ ಮನಸ್ಸಿಗೆ ಬಂದಂತೆ. ಗುಂಪಿನಲ್ಲಿ ಇನ್ಯಾರಿದ್ದಾರೆ ಎಂಬುದೂ ಹುಡುಗರಿಗೆ ಗೊತ್ತಿಲ್ಲ. ಆದರೂ ಕಾಣದ ಇಬ್ಬರಿಗೆ ದುಡ್ಡು ಹಂಚು ಎಂದಾಗ ತನ್ನ ಗುಂಪಿನವನಿಗೆ ಹೆಚ್ಚು ಹಾಕಿದರು. ಅಷ್ಟೇ ಆಗಿದ್ದರೆ ಆಸೆ ಎನ್ನಬಹುದಿತ್ತು. ಎರಡೂ ಗುಂಪಿಗೆ ಕೈತುಂಬ ಸಿಗುವ ಹಂಚಿಕೆ ಬಿಟ್ಟು, ತಮ್ಮವನಿಗೆ ಕಡಿಮೆಯಾದರೂ ಸರಿ, ಆಚೆಯವನಿಗಿಂತ ಮೇಲಿರಬೇಕು ಎನ್ನುವ ಹಂಚಿಕೆಗೆ ಕೈ ಹಾಕಿದವರಿದ್ದರು. ಹೊಲದ ಬದುವಿನ ಜಗಳ ಕಂಡ ನಮ್ಮವರಿಗೆ ಇದು ಹೊಸದೇನಲ್ಲ.

ಹಾಗಾದರೆ ಸಹಜವೇ? ಗೆರೆ ಕಂಡರೆ ಅದರ ಈಚೆ ನಿಲ್ಲುವ ಚಾಳಿ ಸಹಜವಿರಬಹುದು. ಗೆರೆ ಎಲ್ಲಿ ಎಂಬುದನ್ನು ಪ್ರಕೃತಿ ಹೇಳಿಕೊಡುವುದಿಲ್ಲ. ಬ್ರಿಸ್ಟಲಿನ ಹುಡುಗರ ಗೆರೆ ಹುಟ್ಟಿದ್ದು ಕೆಲವೇ ನಿಮಿಷಗಳಲ್ಲಿ, ಎಳೆದದ್ದು ಒಬ್ಬ ಪ್ರೊಫೆಸರ್. ನಮ್ಮ ಗೆರೆಯನ್ನು ಎಳೆದವರು ಯಾರು, ಈಗಲೂ ತಿದ್ದಿ ಬಣ್ಣ ಹಚ್ಚುತ್ತಿರುವವರು ಯಾರು ಎಂಬ ಪ್ರಶ್ನೆ ತಾಜ್ಫೆಲ್ ಹೆಸರು ಹೇಳಿದರೆ ಮುಚ್ಚುವುದಿಲ್ಲ, ಬಾಯ್ದೆರೆಯುತ್ತದೆ. ಹಕ್ಕಿಗಳಂತೂ ಅಡ್ವಾನ್ಸ್ ಕೇಳುವುದಿಲ್ಲ.

ಬೆಂಗಳೂರಿನ ಕಂಪನಿಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುವ ಮಹಿಳೆ ಇಂಗ್ಲಿಷ್ ಬೆರೆಸಿ ಚೊಕ್ಕವಾಗಿ ಬರೆದಿದ್ದಾರೆ: ಇದೆಲ್ಲ ಹಳ್ಳಿಯ ಹಳೆ ಕತೆ, ನಮ್ಮಲ್ಲಿ ಯಾರೂ ಜಾತಿ ಕೇಳುವುದಿಲ್ಲ. ಕೇಳುವುದಿಲ್ಲ ಮೇಡಂ, ನಂಬುತ್ತೇನೆ. ಹೆಸರು ಓದುತ್ತೀರಲ್ಲ? ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದು ವರ್ಷಕ್ಕೂ ಮೇಲ್ಪಟ್ಟು ಪತ್ರಿಕೆಗಳ ಉದ್ಯೋಗ ಜಾಹೀರಾತು ನೋಡಿ, 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದು ಒಂದೇ ಸಮ, ಹೆಸರು ಮಾತ್ರ ಬೇರೆ. ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗೆ 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಆ ಅರ್ಜಿಗಳನ್ನು ಪಕ್ಕಕ್ಕಿಟ್ಟವರಲ್ಲಿ ಎಷ್ಟು ಜನ "ನಾನು ಜಾತಿ ನೋಡುತ್ತೇನೆ" ಎಂದು ಒಪ್ಪಿಕೊಳ್ಳುತ್ತಿದ್ದರು?

ಇಲ್ಲಿ ಮೇಡಂ ಪರವಾಗಿ ನಾನೇ ಒಂದು ಮಾತು ಹೇಳಬೇಕು. ದೆಹಲಿ ಸುತ್ತ ಇಂಥದೇ ಇನ್ನೊಂದು ಪರೀಕ್ಷೆ ನಡೆದು 2009ರಲ್ಲಿ ಪ್ರಕಟವಾಯಿತು. ಅಭಿಜಿತ್ ಬ್ಯಾನರ್ಜಿ ಅದನ್ನು ಮಾಡಿದವರಲ್ಲೊಬ್ಬರು. ಸಾಫ್ಟ್‌ವೇರ್ ಕೆಲಸಗಳಲ್ಲಿ ಅವರಿಗೆ ಜಾತಿಯ ತಾರತಮ್ಯ ಕಾಣಲಿಲ್ಲ. ಕಾಲ್ ಸೆಂಟರ್ ಕೆಲಸಗಳಲ್ಲಿ ಅಂತರ ಕಂಡಿತು. ಇದನ್ನು ನಾನು ಹೀಗೆ ಓದುತ್ತೇನೆ: ಕೋಡ್ ಓಡುತ್ತದೋ ಇಲ್ಲವೋ ಎಂದು ಅಳೆಯಬಹುದು. 'ಮಾತು ಹೇಗಿದೆ', 'ನಮಗೆ ಹೊಂದುತ್ತಾರಾ' ಎಂದು ಅಳೆಯುವಲ್ಲಿ ತಕ್ಕಡಿ ತೂಗುವವನ ಕೈಯಲ್ಲೇ ಇರುತ್ತದೆ. ಮೇಡಂ ಕಂಪನಿಯ ಸಂದರ್ಶನದ ಫಾರಂನಲ್ಲಿ ಅಂಥ ಕಾಲಂ ಎಷ್ಟಿದೆ, ಅವರೇ ನೋಡಲಿ.

"ಅವರೂ ಮಾಡುತ್ತಾರಲ್ಲ" ಎಂಬ ವಾದಕ್ಕೆ ಉತ್ತರ ಚಿಕ್ಕದು: ಹೌದು, ಮಾಡುತ್ತಾರೆ. ರೀಮಾ ಹನ್ನಾ ಮತ್ತು ಲೀ ಲಿಂಡನ್ ನಮ್ಮ ದೇಶದ ಶಿಕ್ಷಕರಿಗೆ ಮಕ್ಕಳ ಉತ್ತರಪತ್ರಿಕೆ ಕೊಟ್ಟು, ಮೇಲೆ ಜಾತಿಯನ್ನು ಮನಸ್ಸಿಗೆ ಬಂದಂತೆ ಅಂಟಿಸಿ ತಿದ್ದಿಸಿದರು. ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗಳಿಗೆ ತುಸು ಕಡಿಮೆ ಅಂಕ ಬಿತ್ತು. ಹಾಗೆ ಕಡಿಮೆ ಹಾಕಿದವರಲ್ಲಿ ಎದ್ದು ಕಂಡವರು ಕೆಳಜಾತಿಯ ಶಿಕ್ಷಕರೇ. ಪತ್ರ ಬರೆದವರಿಗೆ ಇದು ಜಯದಂತೆ ಕಾಣಬಹುದು. ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ತನ್ನ ಮೇಲೇ ದ್ವೇಷ ಇಟ್ಟುಕೊಂಡು ಯಾರೂ ಅಂಕ ಕಳೆಯುವುದಿಲ್ಲ. ಊರಿಗೆಲ್ಲ ಇರುವುದು ಒಂದೇ ಕೊಳಗ. ತುಳಿಸಿಕೊಂಡವನೂ ಅದರಲ್ಲೇ ಅಳೆಯುತ್ತಾನೆ.

ಒಬ್ಬ ತಾಯಿಯ ಪತ್ರ ಬೇರೆ ಥರದ್ದು. ಅದರಲ್ಲಿ ಹೆಮ್ಮೆ ಇಲ್ಲ, ಶಿಕ್ಷಣ ಹಕ್ಕು ಕಾನೂನಿನಡಿ (ಆರ್‌ಟಿಇ) ಖಾಸಗಿ ಶಾಲೆಗೆ ಬರುವ ಬಡ ಮಕ್ಕಳ ಬಗ್ಗೆ ಆತಂಕ ಇದೆ. "ಬೆರೆಯಬೇಕು ಅಂತ ಬರೆಯೋದು ಸುಲಭ ಸಾರ್. ಆರ್‌ಟಿಇಯಲ್ಲಿ ಬಂದ ಮಕ್ಕಳ ಜೊತೆ ಕೂತು ನನ್ನ ಮಗ ಕೆಟ್ಟ ಮಾತು ಕಲಿತರೆ, ಮಾರ್ಕ್ಸ್ ಬಿದ್ದರೆ, ನೀವು ಬರ್ತೀರಾ?"

ಅಮ್ಮ, ನಿಮ್ಮ ಎರಡು ಭಯವೂ ಪೂರ್ತಿ ಸುಳ್ಳಲ್ಲ. 2007ರಿಂದ ದೆಹಲಿಯ ದೊಡ್ಡ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಕೊಡಲೇಬೇಕಾಯಿತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಅಂಥ ಸಹಪಾಠಿಗಳಿದ್ದ ತರಗತಿಗಳನ್ನೂ ಇಲ್ಲದ ತರಗತಿಗಳನ್ನೂ ಹೋಲಿಸಿ 2019ರಲ್ಲಿ ಬರೆದಿದ್ದಾರೆ. ಸಿರಿವಂತ ಮಕ್ಕಳ ಇಂಗ್ಲಿಷ್ ಅಂಕ ಸ್ವಲ್ಪ ಇಳಿಯಿತು, ಹಿಂದಿ ಮತ್ತು ಗಣಿತದಲ್ಲಿ ಇಳಿಯಲಿಲ್ಲ. ಕೆಟ್ಟ ಮಾತಿನ ದೂರು ಕೊಂಚ ಏರಿತು, ಬೇರೆ ಪುಂಡಾಟ ಏರಲಿಲ್ಲ. ಇವು ನಷ್ಟದ ಕಡೆಯವು. ಲಾಭದ ಕಡೆಗೆ ಒಂದು ಓಟದ ಪಂದ್ಯವಿದೆ. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸು: ಜೋರಾಗಿ ಓಡುವ ಬಡ ಹುಡುಗ ಬೇಕೋ, ನಿಧಾನ ಓಡುವ ನಿಮ್ಮಂಥ ಮನೆಯ ಹುಡುಗ ಬೇಕೋ? ಗೆದ್ದರೆ ಬಹುಮಾನ ಕೆಲವು ಕಡೆ 50 ರೂಪಾಯಿ, ಕೆಲವು ಕಡೆ 200, ಕೆಲವು ಕಡೆ 500. ಬಹುಮಾನ 50 ಇದ್ದಾಗ ಸುಮಾರು ಮೂರರಲ್ಲೊಬ್ಬ ಮಗು ಸೋತರೂ ಪರವಾಗಿಲ್ಲ ಎಂದು ನಿಧಾನದವನನ್ನೇ ಆರಿಸಿತು. ದುಡ್ಡು ಏರಿದ ಹಾಗೆ ಆ ಬಿಂಕ ಇಳಿಯಿತು. ಬಡ ಸಹಪಾಠಿಗಳ ಜೊತೆ ವರ್ಷಗಟ್ಟಲೆ ಕೂತು ಬಂದ ಮಕ್ಕಳಲ್ಲಿ ಅದು ಮೊದಲೇ ಕಡಿಮೆ ಇತ್ತು. ಇಂಗ್ಲಿಷಿನಲ್ಲಿ ಒಂದೆರಡು ಅಂಕ ಒಂದು ಕಡೆ, ಇದು ಇನ್ನೊಂದು ಕಡೆ. ಯಾವುದು ತೂಕವೆಂದು ನಿಮ್ಮ ಪರವಾಗಿ ನಾನು ಹೇಳಲಾರೆ. ನನ್ನ ಮಗನಾಗಿದ್ದರೆ ಕೂರಿಸುತ್ತಿದ್ದೆ. ಅಂದಹಾಗೆ, ಕರ್ನಾಟಕದಲ್ಲಿ ಈ ಭಯ ಈಗ ಹೆಚ್ಚುಕಡಿಮೆ ಹಳೆಯದು. 2019-20ರ ಸಾಲಿನಿಂದ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದಾಯಿತು. ಕಾನೂನಿನ ಶೇಕಡಾ 25 ಸೀಟು ಪುಸ್ತಕದಲ್ಲಿದೆ, ಬೆಂಚು ಖಾಲಿ.

ಬರೀ ಒಂದೆಡೆ ಕೂಡಿಹಾಕಿದರೆ ಸಾಲದು ಎಂಬುದನ್ನೂ ಒಪ್ಪುತ್ತೇನೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋವ್ ನಡೆಸಿದ ಕ್ರಿಕೆಟ್ ಲೀಗ್‌ನಲ್ಲಿ ಒಂದೇ ಟೀಮಿನಲ್ಲಿ ಆಡಿದ ಬೇರೆ ಬೇರೆ ಜಾತಿಯ ಹುಡುಗರು ಗೆಳೆಯರಾದರು. ಎದುರು ಟೀಮಿನಲ್ಲಿ ಮುಖಾಮುಖಿಯಾದವರಲ್ಲಿ ಪರಿಣಾಮ ಹೆಚ್ಚಾಗಿ ತಿರುವುಮುರುವು. ಸರಿಸಮ ಸ್ಥಾನ, ಒಂದೇ ಗುರಿ, ಕೈಜೋಡಿಸುವ ಕೆಲಸ, ಮೇಲಿನವರ ಬೆಂಬಲ, ಈ ನಾಲ್ಕಿದ್ದರೆ ಮಾತ್ರ ಒಡನಾಟ ಫಲ ಕೊಡುತ್ತದೆಂದು ಆಲ್‌ಪೋರ್ಟ್ ಆಗಲೇ ಬರೆದಿದ್ದರು. ಆರ್‌ಟಿಇ ಮಕ್ಕಳನ್ನು ಬೇರೆ ಸೆಕ್ಷನ್ ಮಾಡಿ ಕೂರಿಸಿದರೆ ಅದು ಬೆರೆಯುವುದಲ್ಲ, ಬೋರ್ಡ್ ಹಾಕುವುದು.

ವಿಜ್ಞಾನ ಬಲ್ಲ ಯುವಕನೊಬ್ಬನ ಪತ್ರ ನನಗೆ ಖುಷಿ ಕೊಟ್ಟಿತು. ಸಮಾಜ ಮನೋವಿಜ್ಞಾನದ ಅರ್ಧಕ್ಕರ್ಧ ಪ್ರಯೋಗಗಳು ಮತ್ತೆ ಮಾಡಿದರೆ ನಿಲ್ಲುವುದೇ ಇಲ್ಲವಂತಲ್ಲ ಎಂದು ಚುಚ್ಚಿದ್ದಾನೆ. ಅರ್ಧ ಎಂದದ್ದು ಅವನ ಸೌಜನ್ಯ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರಳಿ ಮಾಡಿ ನೋಡಿದಾಗ, ಅದರಲ್ಲಿ ಸಮಾಜ ಮನೋವಿಜ್ಞಾನದವು ನಿಂತದ್ದು ಸುಮಾರು ಕಾಲು ಭಾಗ. ನಾನೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಕೆಲವು 'ಸತ್ಯ'ಗಳೂ ಹೀಗೆ ಬಿದ್ದುಹೋದವು. 1954ರಲ್ಲಿ ಒಕ್ಲಹೋಮಾದ ರಾಬರ್ಸ್ ಕೇವ್ ಶಿಬಿರದಲ್ಲಿ ಮುಜಫರ್ ಶೆರಿಫ್ 22 ಹುಡುಗರನ್ನು ಎರಡು ಪಾಳೆಯ ಮಾಡಿ ಜಗಳ ಹುಟ್ಟಿಸಿದ ಕತೆ ಎಲ್ಲ ಪಠ್ಯದಲ್ಲಿದೆ. ಹಿಂದಿನ ವರ್ಷ ಇನ್ನೊಂದು ಶಿಬಿರದಲ್ಲಿ ಹುಡುಗರು ಜಗಳವಾಡದೆ, ಇದು ದೊಡ್ಡವರ ಕಿತಾಪತಿ ಎಂದು ಗುಮಾನಿಪಟ್ಟು ಪ್ರಯೋಗವನ್ನೇ ಕೆಡಿಸಿದ ಕತೆ ಇಲ್ಲ. ಆ ಹುಡುಗರು ಗುಂಪಾಗುವ ಮೊದಲೇ ಗೆಳೆಯರಾಗಿದ್ದರು. ನನ್ನನ್ನು ಕೇಳಿದರೆ ಕೆಟ್ಟುಹೋದ ಆ ಶಿಬಿರವೇ ಹೆಚ್ಚು ಹೇಳುತ್ತದೆ. ಮನಸ್ಸಿನಾಳದ ಪೂರ್ವಗ್ರಹ ಅಳೆಯುವ ಕಂಪ್ಯೂಟರ್ ಪರೀಕ್ಷೆಯನ್ನೂ ನಾನು ನೆಚ್ಚುವುದಿಲ್ಲ. ಇವತ್ತಿನ ಅಂಕ ನಾಳೆ ಇರುವುದಿಲ್ಲ. ಆದರೆ ತಮ್ಮಾ, ಅರ್ಜಿ ಹಾಕಿ ಕರೆ ಎಣಿಸುವುದಕ್ಕೆ ಮನಸ್ಸಿನಾಳ ಬೇಕಿಲ್ಲ. ಕರೆ ಬಂತೋ, ಇಲ್ಲವೋ. ನಾನು ನೆಚ್ಚಿಕೊಂಡಿರುವುದು ಹೆಚ್ಚಾಗಿ ಅಂಥವನ್ನು.

ಕೊನೆಯ ಪತ್ರಕ್ಕೆ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ಬರೆದವನು ಹಳೆಯ ಗೆಳೆಯ, ದಲಿತ ಸಂಘಟನೆಯಲ್ಲಿ ತಲೆ ಹಣ್ಣಾದವನು. "ಜಾತಿ ಅಂದ್ರೆ ಹೊಲ, ಬಾವಿ, ಬೀದಿ ಕಣಯ್ಯಾ. ನೀನು ಅದನ್ನ ತಲೆಯೊಳಗಿನ ಲೆಕ್ಕದ ತಪ್ಪು ಅಂತ ಮಾಡಿಬಿಟ್ಟೆ. ಇನ್ನು ಓನರ್‌ಗಳಿಗೆಲ್ಲ ಒಂದು ದಿನದ ತರಬೇತಿ ಕೊಟ್ಟರೆ ಆಯ್ತಲ್ಲ?" ತರಬೇತಿಯ ಬಗ್ಗೆ ಅವನು ಹೇಳಿದ್ದೇ ಸರಿ. 2021ರಲ್ಲಿ ಎಲಿಜಬೆತ್ ಪಲಕ್ ಮತ್ತಿತರರು ಪೂರ್ವಗ್ರಹ ತಗ್ಗಿಸುವ 418 ಪ್ರಯೋಗಗಳನ್ನು ಜಾಲಾಡಿದಾಗ, ಒಂದು ಗಂಟೆಯ ಪಾಠ, ಒಂದು ವೀಡಿಯೊ ಇಂಥವುಗಳಿಂದ ಉಳಿಯುವಂಥದ್ದು ಹೆಚ್ಚೇನೂ ಸಿಗಲಿಲ್ಲ. ಆದರೆ ತಲೆ ಒಂದು ಕಡೆ, ಬಾವಿ ಒಂದು ಕಡೆ ಎಂಬ ಭಾಗವನ್ನು ನಾನು ಒಪ್ಪಲಾರೆ. ಜಾತಿ ಇಟ್ಟಿಗೆಯ ಗೋಡೆಯಲ್ಲ, ಮನಸ್ಸಿನ ಸ್ಥಿತಿ ಎಂಬ ಅರ್ಥದ ಮಾತನ್ನು 1936ರಲ್ಲೇ ಬರೆದವರು ಅಂಬೇಡ್ಕರ್. ಆಮೇಲೆ ಕಾನೂನು ಬರೆದವರೂ ಅವರೇ. ಎರಡರಲ್ಲಿ ಒಂದನ್ನು ಆರಿಸು ಎಂದು ಅವರಿಗೆ ಯಾರೂ ಹೇಳಲಿಲ್ಲ.

ತಲೆ, ಬೀದಿ ಎರಡೂ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಒಂದು ಪ್ರಯೋಗ ನೋಡು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 6-7ನೇ ತರಗತಿಯ ಹುಡುಗರನ್ನು ಕೂರಿಸಿದರು. ಮೇಲ್ಜಾತಿಯವರು 321, ಕೆಳಜಾತಿಯವರು 321. ಸುತ್ತುಸುತ್ತಾದ ಚಿತ್ರದಲ್ಲಿ ದಾರಿ ಹುಡುಕಬೇಕು. ಯಾರ ಜಾತಿಯೆಂದು ಹೇಳದಿದ್ದಾಗ ಇಬ್ಬರೂ ಸರಿಸಮ. ಎಲ್ಲರೆದುರು ಹುಡುಗನ ಹೆಸರು, ಅಪ್ಪನ ಹೆಸರು, ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಕೈ ಸೋತಿತು. ಚಿತ್ರ ಅದೇ, ಹುಡುಗ ಅವನೇ. ಇದರ ಸೋದರ ಸಂಬಂಧಿ ಪ್ರಯೋಗಗಳು ಬೇರೆ ದೇಶಗಳಲ್ಲಿ ಎಲ್ಲವೂ ನಿಂತಿಲ್ಲ. ಹುಡುಗಿಯರು ಮತ್ತು ಗಣಿತದ ಬಗ್ಗೆ 2018ರಲ್ಲಿ 2,064 ಡಚ್ ವಿದ್ಯಾರ್ಥಿಗಳ ಮೇಲೆ ಮಾಡಿದ್ದರಲ್ಲಿ ಏನೂ ಕಾಣಲಿಲ್ಲ. ಹಾಗಾಗಿ ಯುವಕನ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಆದರೂ ಈ ಪ್ರಯೋಗವನ್ನು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿಟ್ಟು ಸ್ಟಾಫ್ ರೂಮಿನಿಂದ ಎದ್ದು ಹೊರಗೆ ಹೋಗಿದ್ದೆ.

ಯಾಕೆಂದರೆ ನಾನೂ ಓದಿ ಹೇಳುತ್ತಿದ್ದೆ. ಪ್ರತಿವರ್ಷ ಜುಲೈ ಹೊತ್ತಿಗೆ ಆಫೀಸಿನಿಂದ ಫಾರಂ ಬರುತ್ತಿತ್ತು. ಹಾಜರಿ ಮುಗಿಸಿ, "ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ, ಸ್ಕಾಲರ್‌ಶಿಪ್ ಫಾರಂ ಬಂದಿದೆ" ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ನಂಬಿಕೆ. ಒಂದು ವರ್ಷ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿತ್ತು, ಎದ್ದು ನಿಂತವರು ಹನ್ನೊಂದು. ನಾನು ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದೆ. ಮೂರನೇ ಬೆಂಚಿನ ಹುಡುಗನೊಬ್ಬ ಕಿಟಕಿಯಾಚೆ ನೋಡುತ್ತ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ಫಾರಂ ಕೊನೆಯ ತಾರೀಕಿನ ಸಂಜೆ, ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. "ಸಾರ್, ಅವತ್ತು ನಂಗೆ ಕೇಳಿಸಲಿಲ್ಲ" ಅಂದ.

ಗೆಳೆಯಾ, ಆ ದುಡ್ಡು ಕಾನೂನಿನದು, ಹೋರಾಟದಿಂದ ಬಂದದ್ದು, ನೀನೇ ಹೇಳುವ ಬಾವಿ, ಬೀದಿಯ ಕಡೆಯದು. ಅದನ್ನು ಹುಡುಗನ ಕೈಗೆ ದಾಟಿಸುವಲ್ಲಿ ನಾನೊಬ್ಬ ಒಳ್ಳೆಯ ಮೇಷ್ಟ್ರು ನಿಂತಿದ್ದೆ. ಮಾರನೇ ವರ್ಷದಿಂದ ಫಾರಂಗಳನ್ನು ಆಫೀಸಿನ ಕಿಟಕಿಯಲ್ಲಿಟ್ಟು, ಎಲ್ಲ ಬಗೆಯ ಅರ್ಜಿಗಳ ಜೊತೆ ಸೇರಿಸಿ, ರಿಜಿಸ್ಟರ್ ನಂಬರಿನಿಂದ ಕೊಡಲು ಗುಮಾಸ್ತರಿಗೆ ಹೇಳಿದೆ. ಆ ವರ್ಷ ಪಟ್ಟಿಯಲ್ಲಿ ಹದಿನಾರು ಮಂದಿ ಇದ್ದರು, ಅರ್ಜಿ ಬಂದದ್ದು ಹದಿನೈದು. ಉಳಿದ ಒಬ್ಬಳನ್ನು ನಾನು ಕರೆದು ಕೇಳಲಿಲ್ಲ. ಗುಮಾಸ್ತರು ಅವಳ ಊರಿನ ಬಸ್ಸು ಬರುವ ಹೊತ್ತಿಗೆ ಕಿಟಕಿ ಮುಚ್ಚಿರುತ್ತದೆ ಎಂದರು.